ಆರ್ದ್ರತೆಯನ್ನು ತಕ್ಕಡಿಯಲ್ಲಿ ಕಲಿಸೋಣ

ನಮ್ಮ ಪಾಠ ಯೋಜನೆಗಳಲ್ಲಿ ಆರ್ದ್ರತೆಗೆ ಸಿಗುವ ಜಾಗ ಒಂದೇ ಸಾಲು. ‘ಗಾಳಿಯಲ್ಲಿರುವ ನೀರಾವಿಯ ಪ್ರಮಾಣ’ ಎಂದು ಕಪ್ಪುಹಲಗೆಯ ಮೇಲೆ ಬರೆಯುತ್ತೇವೆ, ಮಳೆಗಾಲದಲ್ಲಿ ಬಟ್ಟೆ ಬೇಗ ಒಣಗುವುದಿಲ್ಲ ಎಂಬ ಉದಾಹರಣೆ ಕೊಡುತ್ತೇವೆ, ಮುಂದಿನ ಅಂಶಕ್ಕೆ ಹೋಗುತ್ತೇವೆ. ಮೌಲ್ಯಮಾಪನದ ಪ್ರಶ್ನೆಗೆ ಮಕ್ಕಳು ಸರಿಯಾಗಿಯೇ ಉತ್ತರಿಸುತ್ತಾರೆ. ಆದರೆ ಆ ಉತ್ತರ ಮನೆಯಲ್ಲಿ ಕೆಲಸಕ್ಕೆ ಬರುತ್ತದೆಯೇ ಎಂದು ನಾವು ಕೇಳುವುದಿಲ್ಲ. ಕೇಳಬೇಕು ಎಂಬುದು ನನ್ನ ವಾದ. ಅದಕ್ಕೆ ಕಣಕಟ್ಟೆಯಂಥ ಊರಿನಲ್ಲಿ ಸಿಗುವ ಅತ್ಯುತ್ತಮ ಸಾಧನ ಮೊಟ್ಟೆ.

ಅರಸೀಕೆರೆ ಸೀಮೆಯಲ್ಲಿ ತೆಂಗು, ರಾಗಿಯ ಜೊತೆಗೆ ಹಿತ್ತಲಲ್ಲಿ ನಾಲ್ಕು ಕೋಳಿ ಸಾಕುವುದು ಹೊಸದಲ್ಲ. ಹಿಂದೆ ಕಾವಿಗೆ ಬಂದ ನಾಟಿ ಕೋಳಿಯನ್ನು ಬುಟ್ಟಿಯಲ್ಲಿ ಕೂರಿಸಿದರೆ ಮುಗಿಯಿತು. ಬಿಸಿ, ತೇವ, ಮೊಟ್ಟೆ ಹೊರಳಿಸುವುದು ಎಲ್ಲವೂ ತಾಯಿಯ ಕೆಲಸ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡು 1989ರಲ್ಲಿ ಬಿಡುಗಡೆಯಾದ ಗಿರಿರಾಜದಂಥ ಸುಧಾರಿತ ತಳಿಗಳು ಹಳ್ಳಿಗೆ ಬಂದವು. ಇಂಥ ತಳಿಗಳಲ್ಲಿ ಕಾವು ಕೂರುವ ಗುಣ ಸಾಮಾನ್ಯವಾಗಿ ಕಡಿಮೆ. ಹಾಗಾಗಿ ಥರ್ಮೋಕೋಲ್ ಪೆಟ್ಟಿಗೆ, ಬಲ್ಬು, ಥರ್ಮೋಸ್ಟಾಟ್, ಸಣ್ಣ ಫ್ಯಾನು ಸೇರಿಸಿ ಮನೆಯಲ್ಲೇ ಇನ್‌ಕ್ಯುಬೇಟರ್ ಮಾಡಿಕೊಳ್ಳುವವರಿದ್ದಾರೆ. ಉಷ್ಣತೆಯನ್ನು ಥರ್ಮೋಸ್ಟಾಟ್ ನೋಡಿಕೊಳ್ಳುತ್ತದೆ. ತೇವವನ್ನು ನೋಡಿಕೊಳ್ಳುವವರು ಮನೆಯವರು.

ಒಂದು ತರಗತಿಯಲ್ಲಿ ಹುಡುಗಿಯೊಬ್ಬಳು ಕೇಳಿದಳು: “ಮಿಸ್, ನೀರು ಜಾಸ್ತಿ ಇಟ್ರೆ ಒಳ್ಳೇದಲ್ವಾ? ನಮ್ಮಮ್ಮ ದೊಡ್ಡ ಬೋಗುಣಿನೇ ಇಟ್ಟಿದ್ರು. ಆದ್ರೂ ಮರಿ ಚಿಪ್ಪೊಳಗೇ ಸತ್ತೋದ್ವು.” ನಮ್ಮ ಒಂದು ಸಾಲಿನ ವ್ಯಾಖ್ಯೆಯಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ.

ಉತ್ತರ ಚಿಪ್ಪಿನಲ್ಲಿದೆ. ಕೋಳಿಮೊಟ್ಟೆಯ ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ಅವುಗಳ ಮೂಲಕ ಆಮ್ಲಜನಕ ಒಳಗೆ ಹೋಗುತ್ತದೆ, ನೀರಾವಿ ಹೊರಗೆ ಬರುತ್ತದೆ. ಹೀಗೆ ನೀರು ಕಳೆದುಕೊಂಡಂತೆ ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಕೋಣೆ ದೊಡ್ಡದಾಗುತ್ತದೆ. ಹೊರಬರುವ ಮುನ್ನ ಮರಿ ಕೊಕ್ಕು ಚಾಚಿ ಮೊದಲ ಉಸಿರು ಎಳೆಯುವುದು ಅಲ್ಲಿಂದಲೇ. ತೇವ ಅತಿಯಾದರೆ ಮೊಟ್ಟೆ ಸಾಕಷ್ಟು ನೀರು ಕಳೆದುಕೊಳ್ಳುವುದಿಲ್ಲ, ಗಾಳಿಕೋಣೆ ಚಿಕ್ಕದಾಗುತ್ತದೆ, ಉಬ್ಬಿದ ಮರಿ ಉಸಿರುಕಟ್ಟಿ ಸಾಯುತ್ತದೆ. ತೇವ ಕಡಿಮೆಯಾದರೆ ಒಳಪೊರೆ ಒಣಗಿ ಮರಿಯ ಮೈಗೆ ಅಂಟಿಕೊಂಡು ಅದು ತಿರುಗಲಾರದು. ಹೆಚ್ಚೂ ಕೊಲ್ಲುತ್ತದೆ, ಕಡಿಮೆಯೂ ಕೊಲ್ಲುತ್ತದೆ. ಅದಕ್ಕೇ 21 ದಿನಗಳ ಕಾವಿನಲ್ಲಿ ಮೊದಲ 18 ದಿನ ಶೇ. 50–55, ಕೊನೆಯ 3 ದಿನ ಶೇ. 65–70 ಸಾಪೇಕ್ಷ ಆರ್ದ್ರತೆ ಇರಲಿ ಎನ್ನುತ್ತಾರೆ.

‘ಸಾಪೇಕ್ಷ’ ಎಂಬ ಪದವೂ ಇಲ್ಲೇ ಅರ್ಥವಾಗುತ್ತದೆ. ಹೊರಗೆ 25 ಡಿಗ್ರಿಯಲ್ಲಿ ಶೇ. 60 ಆರ್ದ್ರತೆ ಇರುವ ಗಾಳಿಯನ್ನು ಪೆಟ್ಟಿಗೆಯೊಳಗೆ 37.5 ಡಿಗ್ರಿಗೆ ಬಿಸಿ ಮಾಡಿದರೆ, ಒಂದು ಹನಿ ನೀರೂ ಹೊರಹೋಗದಿದ್ದರೂ ಆರ್ದ್ರತೆ ಸುಮಾರು ಶೇ. 30ಕ್ಕೆ ಇಳಿಯುತ್ತದೆ. ಬಿಸಿಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಹೆಚ್ಚಾಯಿತು, ಇರುವ ನೀರಾವಿ ಅಷ್ಟೇ ಉಳಿಯಿತು. ನಮ್ಮ ಬಯಲುಸೀಮೆಯ ಮಾರ್ಚ್ ತಿಂಗಳಿಗೂ ಜುಲೈ ತಿಂಗಳಿಗೂ ಒಂದೇ ಅಳತೆಯ ನೀರು ಏಕೆ ಸಾಲದು ಎಂಬುದನ್ನು ಮಕ್ಕಳೇ ಲೆಕ್ಕ ಹಾಕಬಹುದು.

ಆವಿಯಾಗುವಿಕೆಯ ಮೇಲೆ ಪರಿಣಾಮ ಬೀರುವ ಅಂಶಗಳೆಂದು ನಾವು ಬಾಯಿಪಾಠ ಮಾಡಿಸುವ ನಾಲ್ಕೂ, ಅಂದರೆ ಮೇಲ್ಮೈ ವಿಸ್ತೀರ್ಣ, ಉಷ್ಣತೆ, ಗಾಳಿಯ ವೇಗ, ಆರ್ದ್ರತೆ, ಈ ಪೆಟ್ಟಿಗೆಯಲ್ಲಿವೆ. ಪಾತ್ರೆಯ ಆಳ ಹೆಚ್ಚಿಸಿದರೆ ನೀರು ಹೆಚ್ಚು ದಿನ ಬರುತ್ತದೆಯೇ ಹೊರತು ತೇವ ಹೆಚ್ಚುವುದಿಲ್ಲ. ತೇವ ಹೆಚ್ಚಬೇಕಾದರೆ ಬಾಯಿ ಅಗಲವಾದ ತಟ್ಟೆ ಬೇಕು, ಅಥವಾ ನೀರಿನಲ್ಲಿ ನಿಲ್ಲಿಸಿದ ಸ್ಪಂಜು ಬೇಕು. ತೇವ ಉಳಿಯಲೆಂದು ಗಾಳಿಯ ತೂತುಗಳನ್ನು ಮುಚ್ಚಿದರೆ ಮರಿಗೆ ಆಮ್ಲಜನಕ ತಪ್ಪುತ್ತದೆ. ಕೊನೆಯ ಮೂರು ದಿನ ಕುತೂಹಲಕ್ಕೆ ಮುಚ್ಚಳ ತೆಗೆದರೆ ತೇವ ಕ್ಷಣದಲ್ಲಿ ಹೊರಟುಹೋಗುತ್ತದೆ.

ಇನ್ನು ಅಳತೆಯ ಮಾತು. ಅಗ್ಗದ ಡಿಜಿಟಲ್ ಆರ್ದ್ರತಾಮಾಪಕ ತೋರಿಸಿದ ಅಂಕಿಯನ್ನು ನಂಬುವ ಮೊದಲು ಪರೀಕ್ಷಿಸುವುದನ್ನು ಕಲಿಸಬೇಕು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಷ್ಟು ನೆನೆಸಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಒಳಗಿನ ಗಾಳಿ ಸುಮಾರು ಶೇ. 75ಕ್ಕೆ ನಿಲ್ಲುತ್ತದೆ. ಮಾಪಕ 68 ತೋರಿಸಿದರೆ ಅದು 7 ಕಡಿಮೆ ಹೇಳುತ್ತಿದೆ ಎಂದರ್ಥ. ಮಾಪಕವೇ ಇಲ್ಲದಿದ್ದರೆ ಥರ್ಮಾಮೀಟರಿನ ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ ಫ್ಯಾನಿನ ಗಾಳಿಗೆ ಹಿಡಿದರೂ ಸಾಕು: ಪೆಟ್ಟಿಗೆ 37.5 ಡಿಗ್ರಿಯಲ್ಲಿದ್ದಾಗ ಒದ್ದೆ ಬುಡ ಸುಮಾರು 29 ತೋರಿಸಿದರೆ ಆರ್ದ್ರತೆ ಶೇ. 50–55ರ ಆಸುಪಾಸಿನಲ್ಲಿದೆ.

ಇವೆಲ್ಲಕ್ಕಿಂತ ನಂಬಿಕಸ್ಥ ಸಾಧನ ತಕ್ಕಡಿ. 18 ದಿನಗಳಲ್ಲಿ ಮೊಟ್ಟೆ ತನ್ನ ತೂಕದ ಶೇ. 12–13ರಷ್ಟು ಕಳೆದುಕೊಳ್ಳಬೇಕು. ಹತ್ತು ಮೊಟ್ಟೆ ಸೇರಿ 500 ಗ್ರಾಂ ಇದ್ದರೆ 18ನೇ ದಿನಕ್ಕೆ 435–440 ಗ್ರಾಂ. 6ನೇ ದಿನಕ್ಕೆ ಸುಮಾರು 20 ಗ್ರಾಂ ಇಳಿದಿರಬೇಕು. ಹತ್ತೇ ಗ್ರಾಂ ಇಳಿದಿದ್ದರೆ ನೀರು ಕಡಿಮೆ ಮಾಡಿ, ಮೂವತ್ತು ಇಳಿದಿದ್ದರೆ ಹೆಚ್ಚಿಸಿ. ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ತಕ್ಕಡಿ ಇದಕ್ಕೆ ಧಾರಾಳ. ಶೇಕಡಾವಾರು, ಸರಾಸರಿ, ರೇಖಾಚಿತ್ರ ಮೂರೂ ಈ ಒಂದು ದಾಖಲೆಯಲ್ಲೇ ಬರುತ್ತವೆ.

ಇದಕ್ಕೆ ಬರುವ ಆಕ್ಷೇಪಗಳು ನ್ಯಾಯವಾದವೇ. ಅವಧಿ ನಲವತ್ತು ನಿಮಿಷ, ಕಾವು 21 ದಿನ. ಶಾಲೆಯಲ್ಲಿ ರಾತ್ರಿ ಕರೆಂಟು ಹೋದರೆ ನೋಡುವವರಿಲ್ಲ. ಹುಟ್ಟಿದ ಮರಿಗಳಿಗೆ ಬೆಚ್ಚನೆಯ ಗೂಡು, ಮೇವು ಕೊಡುವವರು ಯಾರು? ಆದ್ದರಿಂದಲೇ ಶಾಲೆಯಲ್ಲಿ ಮರಿ ಮಾಡಿಸಬೇಕು ಎಂದು ನಾನು ಹೇಳುತ್ತಿಲ್ಲ. ವಸ್ತುಪ್ರದರ್ಶನದ ಮೇಜಿಗಾಗಿ ಜೀವ ಹುಟ್ಟಿಸಿ ಬೋಧನಾಭ್ಯಾಸ ಮುಗಿದೊಡನೆ ನಾವು ಹೊರಟುಬಿಡುವುದು ಒಳ್ಳೆಯ ಪಾಠವಲ್ಲ. ಆದರೆ ನೀರು ಕಳೆದುಕೊಳ್ಳಲು ಮೊಟ್ಟೆಯೊಳಗೆ ಜೀವ ಇರಲೇಬೇಕೆಂದಿಲ್ಲ. ಅಂಗಡಿಯ ಫಾರಂ ಮೊಟ್ಟೆಯಿಂದಲೂ ನೀರಾವಿ ಹೊರಬರುತ್ತದೆ. ಹತ್ತು ಮೊಟ್ಟೆಯನ್ನು ತೆರೆದ ತಟ್ಟೆಯಲ್ಲಿ, ಇನ್ನು ಹತ್ತನ್ನು ಒದ್ದೆ ಬಟ್ಟೆಯಿರುವ ಮುಚ್ಚಿದ ಡಬ್ಬಿಯಲ್ಲಿ ಇಟ್ಟು ವಾರವಿಡೀ ಬೆಳಗಿನ ಮೊದಲ ಐದು ನಿಮಿಷ ತೂಗಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಮನೆಯಲ್ಲಿ ಪೆಟ್ಟಿಗೆ ಇರುವ ಮಕ್ಕಳು ತಮ್ಮ ಮನೆಯ ಅಂಕಿಗಳನ್ನು ತರಲಿ.

ಒಂದು ತಂಡದ ಮೊಟ್ಟೆ ಎಂದರೆ ಮನೆಯ ದುಡ್ಡು, ಮೂರು ವಾರದ ಕರೆಂಟು, ತಾಯಿಯ ನಿದ್ದೆ. ಎರಡು ಸಲ ಮರಿ ಸತ್ತರೆ ‘ನಮ್ಮ ಕೈಗುಣ ಸರಿಯಿಲ್ಲ’ ಎಂದು ಪೆಟ್ಟಿಗೆ ಅಟ್ಟಕ್ಕೆ ಸೇರುತ್ತದೆ. ಅದು ಕೈಗುಣವಲ್ಲ, ಆರನೇ ದಿನದ ತೂಕ ಎಂದು ಹೇಳಬಲ್ಲ ಮಗು ಆ ಮನೆಯಲ್ಲಿದ್ದರೆ ನಮ್ಮ ಪಾಠ ಮುಟ್ಟಿದಂತೆ. ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ಆರ್ದ್ರತೆಯ ಪಾಠ ಯೋಜನೆ ಬರೆಯುವಾಗ ಬೋಧನೋಪಕರಣಗಳ ಸಾಲಿನಲ್ಲಿ ಚಾರ್ಟಿನ ಪಕ್ಕ ಒಂದು ತಕ್ಕಡಿಯನ್ನೂ ಸೇರಿಸಲಿ.