ಹಾಲು ಹಿಂಡೋದು ಅವ್ವ, ಡೇರಿಯಾಗ ಹೆಸರು ಅಪ್ಪಂದು: ಇದು ಬದಲಾಗಬೇಕು

ಯುವ ರೈತ ಮಿತ್ರರೇ, ಉಗಾರ ಬುದ್ರುಕ ಇರಲಿ, ಅಥಣಿ, ರಾಯಬಾಗ ಕಡೆಯ ಊರಿರಲಿ, ಹೈನದ ಕೆಲಸ ಯಾರ ಕೈಯಾಗ ಐತಿ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಸುಕಿನ್ಯಾಗ ಎದ್ದು ಸಗಣಿ ತೆಗೆಯೋದು, ಕಬ್ಬಿನ ಸೋಗೆ ತಂದು ಹಾಕೋದು, ಹಾಲು ಹಿಂಡೋದು ಎಲ್ಲಾ ನಮ್ಮ ಅವ್ವಂದಿರು, ಹೆಂಡತಿಯರು. ಆದರೆ ಬಹಳಷ್ಟು ಮನೆಗಳಲ್ಲಿ ಡೇರಿಯ ಸದಸ್ಯತ್ವ ಗಂಡಸರ ಹೆಸರಿನ್ಯಾಗ, ಹಾಲಿನ ಬಿಲ್ಲು ಜಮಾ ಆಗೋದೂ ಅವರ ಖಾತೆಗೆ.

"ಮನಿ ಒಂದೇ ಅಲ್ಲಾ, ಯಾರ ಹೆಸರಿದ್ದರೇನು?" ಅಂತ ಕೇಳೋರು ಇದ್ದಾರೆ. ವ್ಯತ್ಯಾಸ ಬಹಳ ಐತಿ. ಸಾವಕಾರರ ಬಡ್ಡಿಯಿಂದ ರೈತ ಪಾರಾಗಲಿ ಅಂತ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಹಕಾರ ಸಂಘ ಶುರುವಾಯಿತು. ಇವತ್ತಿಗೂ ಸಂಘದ ತಳಹದಿ ಒಂದೇ: ಶೇರು ಎಷ್ಟೇ ಇರಲಿ, ಒಬ್ಬ ಸದಸ್ಯರಿಗೆ ಒಂದು ಮತ. ಸದಸ್ಯತ್ವ ಇಲ್ಲದ ಹೆಣ್ಣುಮಗಳಿಗೆ ಆ ಒಂದು ಮತವೂ ಇಲ್ಲ. ಫ್ಯಾಟ್ ಯಾಕೆ ಕಡಿಮೆ ಬಂತು, ಬೋನಸ್ ಎಷ್ಟು ಅಂತ ಮಹಾಸಭೆಯಲ್ಲಿ ಎದ್ದು ಕೇಳೋ ಹಕ್ಕೂ ಇಲ್ಲ. ನಾಳೆ ಗಂಡ ತೀರಿಕೊಂಡರೆ, ಇಪ್ಪತ್ತು ವರ್ಷ ಹಾಲು ಹಾಕಿದಾಕೆ ಎಲ್ಲಾ ಕಾಗದಪತ್ರ ಹೊಸದಾಗಿ ಮಾಡಿಸಬೇಕು.

ಪಿಕೆಪಿಎಸ್ ಮಾತಂತೂ ಇನ್ನೂ ಬಿಗಿ. 2023–24ರ ಬಜೆಟ್‌ನಲ್ಲಿ ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಆದರೆ ಈ ಸಾಲಕ್ಕೆ ಉತಾರ ಬೇಕು, ಉತಾರದಾಗ ಹೆಣ್ಣುಮಕ್ಕಳ ಹೆಸರು ಅಪರೂಪ. 2005ರ ಕಾನೂನು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ವಾಟ್ನಿ ಹೊತ್ತಿನಾಗ ಅಕ್ಕ-ತಂಗಿಯರಿಂದ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸಿಕೊಂಡ ಮೇಲೆ, "ಹೆಣ್ಣುಮಕ್ಕಳು ಸೊಸೈಟಿಗೆ ಯಾಕ ಬರಲ್ಲ?" ಅಂತ ಕೇಳಿದರೆ ಏನು ಉಪಯೋಗ?

ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಎರಡು ಸ್ಥಾನ ಮೀಸಲು ಐತಿ. ಆದರೆ ಎಷ್ಟೋ ಕಡೆ ಸಭೆಗೆ ಬರೋದು ಯಜಮಾನರು, ನಡಾವಳಿ ಪುಸ್ತಕ ಮಾತ್ರ ಮನೆಗೆ ಹೋಗಿ ಸಹಿ ಆಗಿ ಬರ್ತದೆ. ಇದು ಹೆಣ್ಣುಮಕ್ಕಳಿಗೆ ತಿಳಿವಳಿಕೆ ಇಲ್ಲ ಅಂತಲ್ಲ. ಕೇಂದ್ರದ 'ಸ್ಟೆಪ್' ಯೋಜನೆಯ ಕಾಲದಿಂದ ರಾಜ್ಯದಲ್ಲಿ ಬೆಳೆದು ಬಂದ ಮಹಿಳಾ ಹಾಲು ಉತ್ಪಾದಕರ ಸಂಘಗಳಲ್ಲಿ ಹಾಲು ಅಳೆಯೋದು, ಲೆಕ್ಕ ಬರೆಯೋದು, ಸಂಘ ನಡೆಸೋದು ಹೆಣ್ಣುಮಕ್ಕಳೇ. ನನ್ನ ಅಭಿಪ್ರಾಯ ಇಷ್ಟು: ಬೇರೆ ಮಹಿಳಾ ಸಂಘ ಒಳ್ಳೇದು, ಆದರೆ ಅಷ್ಟಕ್ಕೆ ಮುಗಿಸಬಾರದು. ಸಾಲ, ಗೊಬ್ಬರದ ಮಾತು ತೀರ್ಮಾನ ಆಗೋ ಪಿಕೆಪಿಎಸ್‌ನಲ್ಲೂ ಅವರು ಕುಂತು ಮಾತಾಡಬೇಕು.

ಇದಕ್ಕೆ ನೀವು ಮಾಡಬಹುದಾದ ಕೆಲಸ ಮೂರು.

ಒಂದು, ಡೇರಿ ಕಾರ್ಯದರ್ಶಿಯನ್ನು ಕಂಡು ಅವ್ವನ ಹೆಸರಿಗೆ ಹೊಸ ಸದಸ್ಯತ್ವ ಸಿಗ್ತದೋ, ಅಪ್ಪಂದನ್ನೇ ವರ್ಗ ಮಾಡಬೇಕೋ ಕೇಳಿ. ಬ್ಯಾಂಕ್ ಖಾತೆ ಅವರದೇ ಇರಲಿ, ಆಧಾರ್ ಜೋಡಣೆ ಆಗಿರಲಿ. ಆಗ ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ನೇರ ಅವರಿಗೇ ಬರ್ತದೆ.

ಎರಡು, ಹಾಲಿನ ಚೀಟಿಯಲ್ಲಿ ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ ಓದೋದನ್ನು ಅವರಿಗೆ ತೋರಿಸಿ. ಲೆಕ್ಕ ತಿಳಿದವರು ಪ್ರಶ್ನೆ ಕೇಳ್ತಾರೆ.

ಮೂರು, ಮಹಾಸಭೆ ನೋಟಿಸ್ ಬಂದಾಗ ಫೋಟೊ ಹೊಡೆದು ಇಟ್ಟುಕೊಳ್ಳಿ, ಅವರಿಗೆ ಓದಿ ಹೇಳಿ, ಜೊತೆಗೆ ಹೋಗಿ ಹಾಜರಿ ಸಹಿ ಮಾಡಿಸಿ. ಪದೇ ಪದೇ ಸಭೆ ತಪ್ಪಿಸಿ, ಸಂಘದ ಸೇವೆ ಬಳಸದೇ ಇದ್ದರೆ ಮತದಾನದ ಅರ್ಹತೆ ಕೈತಪ್ಪಬಹುದು. ಸಭೆ ಹೊತ್ತು ಹೊಲದ ಕೆಲಸಕ್ಕೆ ಅಡ್ಡ ಬರ್ತಿದ್ದರೆ, ಬದಲಿಸಿ ಅಂತ ಸಂಚಾಲಕರನ್ನು ಕೇಳಿ.

ಹಾಲು ಹಿಂಡೋ ಕೈಗೇ ಸಹಿ ಮಾಡೋ ಹಕ್ಕೂ ಇರಲಿ. ಈ ಸಲ ನಿಮ್ಮ ಮನಿಯಿಂದ ಮಹಾಸಭೆಗೆ ಯಾರು ಹೋಗ್ತಾರ?