ಬಟ್ಟೆಯ ಬೆನ್ನನ್ನೂ ನೋಡಿ

ಕಸೂತಿಗೆ ಬಹುಮಾನ ಹಂಚುವ ಮಹನೀಯರಲ್ಲಿ ನನ್ನದೊಂದು ಬಿನ್ನಹವಿದೆ: ದಯವಿಟ್ಟು ಬಟ್ಟೆಯನ್ನು ಒಮ್ಮೆ ತಿರುವಿ ನೋಡಿ.

ಇದು ಹೊಟ್ಟೆಕಿಚ್ಚಿನ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ. ಬಹುಮಾನ ಪಡೆದವಳೇ ಈ ದೂರು ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ, ನಮ್ಮ ಅಜ್ಜಿಯ ಇಳಕಲ್ಲಿನ ಸೀರೆಯ ಸೆರಗಿನಲ್ಲಿದ್ದ ಗೋಪುರ, ತೇರು, ತುಳಸಿಕಟ್ಟೆಗಳನ್ನು ಎಳೆ ಎಣಿಸಿ ಬೇರೊಂದು ಬಟ್ಟೆಗೆ ಇಳಿಸಿದೆ. ಎಂಟು ತಿಂಗಳು ಹಿಡಿಯಿತು. ಹಳಬರ ಕೈಗೆ ನನ್ನ ಕೈ ಎಷ್ಟು ಹತ್ತಿರ ಬಂದಿದೆಯೆಂದು ಬಲ್ಲವರಿಂದ ತಿಳಿಯುವ ಆಸೆಯಿಂದ ಅದನ್ನೊಂದು ಪ್ರದರ್ಶನಕ್ಕೆ ಕೊಟ್ಟೆ. ಅದನ್ನು ಗಾಜಿನ ಚೌಕಟ್ಟಿನಲ್ಲಿ ಬಿಗಿದು ಗೋಡೆಗೆ ತೂಗುಹಾಕಿದರು. ಮೂವರು ತೀರ್ಪುಗಾರರು ಅದರ ಮುಂದೆ ಅರೆನಿಮಿಷ ನಿಂತು ಮುಂದೆ ಹೋದರು. ಸಂಜೆ ಎರಡನೆಯ ಬಹುಮಾನವೆಂದು ಒಂದು ಸ್ಟೀಲು ಡಬ್ಬಿ ನನ್ನ ಕೈಗೆ ಬಂತು. ಮೊದಲನೆಯದೇಕಲ್ಲ, ಎರಡನೆಯದಾದರೂ ಏಕೆ ಎಂದು ಕೇಳಿದೆ. "ತೀರ್ಪುಗಾರರ ನಿರ್ಣಯವೇ ಅಂತಿಮ" ಎಂಬ ಉತ್ತರ ಬಂತು. ನಾನು ಬಯಸಿದ್ದು ನಿರ್ಣಯವನ್ನಲ್ಲ, ಪಾಠವನ್ನು!

ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಹೊಲಿಗೆಗಳು. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದೊಂದು ಹೆಜ್ಜೆ ಬಿಟ್ಟು ಹೋಗುತ್ತದೆ. ಬರುವಾಗ ಅದೇ ದಾರಿಯಲ್ಲಿ ಬಿಟ್ಟ ಜಾಗವನ್ನು ತುಂಬುತ್ತ ಬರುತ್ತದೆ. ಮುರ್ಗಿಯೂ ಹೀಗೆಯೇ, ಮೆಟ್ಟಿಲು ಮೆಟ್ಟಿಲಾಗಿ. ಆದ್ದರಿಂದ ಇವೆರಡರಲ್ಲೂ ಬಟ್ಟೆಯ ಎರಡು ಮೈಯೂ ಒಂದೇ ತರಹ ಕಾಣಬೇಕು. ಗಂಟು ಹಾಕುವಂತಿಲ್ಲ, ಮೊದಲೇ ಚಿತ್ರ ಬರೆದುಕೊಳ್ಳುವಂತಿಲ್ಲ. ಎಳೆಗಳ ಎಣಿಕೆಯೇ ಚಿತ್ರ. ನೇಗಿ ನೇಯ್ಗೆಯನ್ನು ಹೋಲುವ ಹೊಲಿಗೆ. ಅದರ ಹಿಂಬದಿ ಮುಂಬದಿಯ ತಿರುಗುಮುರುಗು. ಅಡ್ಡಕತ್ತರಿಯ ಮೆಂತೆಗಂತೂ ಎರಡು ಮೈ ಒಂದಾಗಬೇಕೆಂಬ ಕಟ್ಟಳೆಯೇ ಇಲ್ಲ. ಅಂದಮೇಲೆ ಬಟ್ಟೆಯನ್ನು ತಿರುವಿದರಷ್ಟೇ ಸಾಲದು. ಯಾವುದರಲ್ಲಿ ಏನು ನೋಡಬೇಕೆಂಬುದೂ ಗೊತ್ತಿರಬೇಕು.

ಗೊತ್ತಿದ್ದವರು ಆ ಪ್ರದರ್ಶನಕ್ಕೆ ಬಂದಿರಲಿಲ್ಲವೆಂದಲ್ಲ. ಕಡೆಯ ದಿನ ನಾನು ಬಟ್ಟೆಯನ್ನು ಚೌಕಟ್ಟಿನಿಂದ ಬಿಡಿಸಿಕೊಳ್ಳುತ್ತಿದ್ದಾಗ ಧಾರವಾಡದ ಕಡೆಯ ಒಬ್ಬ ವೃದ್ಧೆ ಅದನ್ನು ಕೈಗೆ ತೆಗೆದುಕೊಂಡು, ಬೆನ್ನು ತಿರುವಿ, ತೇರಿನ ಮೇಲೆ ಬೆರಳಿಟ್ಟರು. "ಕಳಸದ ಹತ್ರ ಎಳಿ ಹಾರಿಸೀ ನೋಡವಾ" ಎಂದರು. ನಿಜ. ಗೆರೆ ಕವಲೊಡೆದಲ್ಲಿ ಆ ಕವಲನ್ನು ಹೋಗಿ ಬಂದು ಮುಗಿಸಿಯೇ ಮುಂದೆ ಸಾಗಬೇಕು. ನಾನು ಮರೆತು ಮುಂದೆ ಹೋಗಿ, ಆಮೇಲೆ ಹಿಂದಿನಿಂದ ಕಳ್ಳದಾರಿಯಲ್ಲಿ ದಾರವನ್ನು ಎಳೆದು ತಂದಿದ್ದೆ. ಎಂಟು ತಿಂಗಳಲ್ಲಿ ನನಗೆ ಹೊಳೆಯದುದನ್ನು ಆಕೆ ಹತ್ತು ನಿಮಿಷದಲ್ಲಿ ಕಲಿಸಿದರು. ಆಕೆ ತೀರ್ಪುಗಾರರಲ್ಲ, ಟಿಕೇಟು ಕೊಂಡು ಒಳಗೆ ಬಂದವರು.

ಆದ್ದರಿಂದ ನನ್ನ ಸಲಹೆ ಇಷ್ಟೆ. ಪ್ರತಿಯೊಂದು ಪ್ರದರ್ಶನದಲ್ಲಿಯೂ ಅಂಕಗಳಿಲ್ಲದ ಒಂದು ಕೊಠಡಿಯಿರಲಿ. ಹಳೆಯ ಮಾದರಿಗಳನ್ನು ಕೈಯಿಂದ ಮಾಡಿದವರು ಅಲ್ಲಿ ತಮ್ಮ ಕೆಲಸವನ್ನು ಮೇಜಿನ ಮೇಲೆ ಬಿಡಿಯಾಗಿ ಇಡಲಿ. ಪಕ್ಕದಲ್ಲೊಂದು ಚೀಟಿ: ಮೂಲ ಯಾವುದು, ಎಲ್ಲಿ ಅದನ್ನು ಬಿಟ್ಟು ನಡೆದೆ, ಎಲ್ಲಿ ಸಂಶಯ. ಬಲ್ಲವರೊಬ್ಬರು ಎದುರು ಕುಳಿತು ಒಂದೊಂದಕ್ಕೂ ಕಾಲುಗಂಟೆ ಕೊಡಲಿ. ಸತುವಿಗೆ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಬೀದರಿನ ಕೋಟೆಯ ಮಣ್ಣಿನಿಂದ ಕಪ್ಪೇರಿಸಿದ ಬಿದರಿ ಹೂಜಿಗೂ, ಹಗುರ ಮರದ ಕಿನ್ನಾಳದ ಬೊಂಬೆಗೂ, ನನ್ನ ಸೆರಗಿಗೂ ಒಂದೇ ತಕ್ಕಡಿ ಹಿಡಿಯುವುದು ಯಾವ ನ್ಯಾಯ? ಹೂಜಿಯನ್ನು ಹಳೆಯ ಹೂಜಿಯೊಂದಿಗೆ ಹೋಲಿಸಿರಿ, ಸೆರಗನ್ನು ಹಳೆಯ ಸೆರಗಿನೊಂದಿಗೆ.

ಬಹುಮಾನವಿಲ್ಲದಿದ್ದರೆ ಯಾರು ಬರುತ್ತಾರೆ ಎಂದು ಕೇಳುವವರುಂಟು. ಡಬ್ಬಿಗಾಗಿ ಬರುವವರು ಬರಲಾರರು, ನಷ್ಟವೇನು? ಕಸುಬನ್ನೇ ನಂಬಿ ಬದುಕುವವರಿಗೆ ಹಣದ ಬಹುಮಾನ ಬೇಕು, ಒಪ್ಪುತ್ತೇನೆ, ಧಾರಾಳವಾಗಿ ಕೊಡಿ. ಅವರ ಮಾಲನ್ನು ತಕ್ಕ ಬೆಲೆಗೆ ಕೊಂಡರೆ ಇನ್ನೂ ಒಳ್ಳೆಯದು. ಆದರೆ ಬಹುಮಾನವನ್ನು ವಿದ್ಯೆಯೆಂದು ಮಾತ್ರ ಕರೆಯಬೇಡಿ. ತಪ್ಪು ತೋರಿಸಿದರೆ ಮನಸ್ಸು ನೋಯದೇ ಎಂಬುದು ಇನ್ನೊಂದು ಆಕ್ಷೇಪ. ಆ ವೃದ್ಧೆಯ ಮಾತಿನಿಂದ ನಾನು ನೊಂದುಕೊಳ್ಳಲಿಲ್ಲ. ಆ ಗಳಿಗೆಯಲ್ಲಿ ನನ್ನ ಪಕ್ಕದಲ್ಲಿ ಸೋಲಿಸಬೇಕಾದವರು ಯಾರೂ ಇರಲಿಲ್ಲ. ಸ್ಪರ್ಧೆಗೆ ನಿಂತವಳು ತಪ್ಪನ್ನು ಹಿಂಬದಿಗೆ ಸೇರಿಸಿ ಚೌಕಟ್ಟು ಹಾಕಿಸುತ್ತಾಳೆ. ಕಲಿಯಲು ಬಂದವಳು ಆ ತಪ್ಪನ್ನೇ ಮೊದಲು ಮುಂದಿಡುತ್ತಾಳೆ. ಗೋಡೆಯ ಮೇಲೆ ಮುಂಬದಿಗಷ್ಟೇ ಬೆಲೆಯಾದರೆ ಗಂಟುಗಳು ಹೆಚ್ಚುತ್ತವೆ, ಮಿಂಚುವ ದಾರ ಹೆಚ್ಚುತ್ತದೆ, ಎಣಿಸುವವರು ಕಡಮೆಯಾಗುತ್ತಾರೆ.

ತೇರನ್ನು ಪೂರ್ತಿ ಬಿಚ್ಚಿ ಮತ್ತೆ ಹೊಲಿದಿದ್ದೇನೆ. ಈ ಸಲ ಚೌಕಟ್ಟಿಲ್ಲದೆ ತರುತ್ತೇನೆ. ಅದನ್ನು ಇಡಲು ಒಂದು ಮೇಜು, ಎದುರಿಗೆ ಬಲ್ಲವರಿಗೊಂದು ಕುರ್ಚಿ, ಇಷ್ಟು ಕೊಟ್ಟರೆ ಸಾಕು. ಡಬ್ಬಿ ಮನೆಯಲ್ಲಿದೆ.