ಮುಖವಾಡ ಇಲ್ಲದವನೇ ಹೆಚ್ಚು ಅಪಾಯ

1977ರ 'ಸ್ಟಾರ್ ವಾರ್ಸ್' ಸಿನಿಮಾ ಅಂದರೆ ಎಲ್ಲರಿಗೂ ನೆನಪಾಗುವುದು ಕಪ್ಪು ಮುಖವಾಡದ ಡಾರ್ತ್ ವೇಡರ್. ನನಗೆ ಹೆಚ್ಚು ಭಯ ಹುಟ್ಟಿಸುವವನು ಅವನಲ್ಲ. ಅವನ ಪಕ್ಕ ನಿಂತ ಒಣಕಲು ಮುಖದ ಮುದುಕ, ಟಾರ್ಕಿನ್.

ಇವನ ಕೈಯಲ್ಲಿ ಕತ್ತಿಯಿಲ್ಲ. ಕೂಗಾಟವೂ ಇಲ್ಲ. ಒಂದೂರನ್ನು ಸುಟ್ಟರೆ ನೂರೂರು ಬಾಲ ಮುದುರುತ್ತವೆ ಎಂಬುದು ಇವನ ಲೆಕ್ಕ. ಬಂಡುಕೋರರ ಅಡಗುತಾಣ ಹೇಳದಿದ್ದರೆ ನಿನ್ನ ಗ್ರಹವನ್ನೇ ಉಡಾಯಿಸುತ್ತೇನೆ ಎಂದು ರಾಜಕುಮಾರಿ ಲೇಯಾಳನ್ನು ಬೆದರಿಸುತ್ತಾನೆ. ಆಕೆ ಒಂದು ಜಾಗದ ಹೆಸರು ಹೇಳುತ್ತಾಳೆ. ಆದರೂ ಆಲ್ಡರಾನ್ ಗ್ರಹವನ್ನು ಪುಡಿಗಟ್ಟಿಸುತ್ತಾನೆ.

ಗಮನಿಸಿ, ಆ ಗ್ರಹದ ಒಂದು ಮನೆಯನ್ನಾಗಲಿ, ಒಂದು ಮಗುವನ್ನಾಗಲಿ ಸಿನಿಮಾ ತೋರಿಸುವುದಿಲ್ಲ. ದೂರದಿಂದ ಕಾಣುವುದು ಒಂದು ಉಂಡೆ, ಅಷ್ಟೆ. ಎತ್ತರದಲ್ಲಿ ಕೂತು ಆದೇಶ ಕೊಡುವವರಿಗೆ ಜನ ಕಾಣುವುದೂ ಹೀಗೆಯೇ.

ಕೊನೆಗೆ, ಅಪಾಯವಿದೆ, ಹೊರಡೋಣವೇ ಎಂದು ಅಧಿಕಾರಿಯೊಬ್ಬ ಕೇಳಿದರೂ ಕಿವಿಗೆ ಹಾಕಿಕೊಳ್ಳದೆ, ತನ್ನ ಡೆತ್ ಸ್ಟಾರ್ ಜೊತೆಗೇ ಟಾರ್ಕಿನ್ ಸುಟ್ಟುಹೋಗುತ್ತಾನೆ. ಮಾಡಿದ್ದುಣ್ಣೋ ಮಹಾರಾಯ ಎಂದು ಸಮಾಧಾನಪಡುವವರಿದ್ದಾರೆ. ನನಗೆ ಆ ಸಮಾಧಾನವಿಲ್ಲ. ಅವನು ಸತ್ತಿದ್ದರಿಂದ ಆಲ್ಡರಾನ್ ಮರಳಿ ಬರಲಿಲ್ಲ.

ಈ ಪಾತ್ರ ಮಾಡಿದ ಪೀಟರ್ ಕುಶಿಂಗ್‌ಗೆ ಕೊಟ್ಟ ಬೂಟು ಬಿಗಿಯಾಗಿತ್ತು. ಹಾಗಾಗಿ ಕಾಲು ಕಾಣದ ದೃಶ್ಯಗಳಲ್ಲಿ ಅವರು ಮನೆಯಲ್ಲಿ ಹಾಕುವಂಥ ಚಪ್ಪಲಿ ಮೆಟ್ಟಿಯೇ ನಟಿಸಿದರು. ಕ್ರೌರ್ಯಕ್ಕೆ ಬೂಟು ಬೇಕಿಲ್ಲ. ಸುತ್ತ ನಿಂತವರು ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಆ ಆದೇಶ ಬಂದಾಗ ಸಾಮ್ರಾಜ್ಯದ ಸಿಬ್ಬಂದಿಯಲ್ಲಿ ಒಬ್ಬನೂ 'ಬೇಡ ಸ್ವಾಮಿ' ಅನ್ನಲಿಲ್ಲ.

ನಾವಿದ್ದರೆ ಅನ್ನುತ್ತಿದ್ದೆವಾ?